ಪೀರನವಾಡಿ ದಾಟಿದರೆ ಕಾರ್ವಿ

ಆಗಸ್ಟ್ 18, ಸೋಮವಾರ. ಮಧ್ಯಾಹ್ನ 12

ಬಿಪಿ 150/90. ರತ್ನಮಾಲಾಗೆ 130 ಎಂದು ಹೇಳಿದೆ. ಹೆಂಡತಿ ನಂಬಿದ ಹಾಗೆ ಕಾಣಲಿಲ್ಲ. ಮೂರು ದಿನದಿಂದ ಒಂದೇ ಸಮನೆ ಮಳೆ. ಬಸದಿಗೆ ಹೋಗಿ ಬರುವಷ್ಟರಲ್ಲಿ ಧೋತರ ಮೊಳಕಾಲತನಕ ಒದ್ದೆ.

ತನ್ಮಯಿ ಕಾಲೇಜಿನ ಹರ್ಬೇರಿಯಂನಿಂದ ನಲವತ್ತು ಹಾಳೆ ಕಳಿಸಿದ್ದಾಳೆ. ಒಣಗಿಸಿ ಹಚ್ಚಿದ ಗಿಡಗಳು, ಬಹುತೇಕ ನಾನೇ ಹಚ್ಚಿದವು. ಸ್ಕ್ಯಾನ್ ಮಾಡುವ ಮುಂಚೆ ಹೆಸರು ಸರಿ ಇವೆಯೇ ನೋಡಿಕೊಡಬೇಕಂತೆ. ನನ್ನ ವಿದ್ಯಾರ್ಥಿನಿ, ಈಗ ನನ್ನದೇ ಕುರ್ಚಿಯಲ್ಲಿ ಕೂತವಳು. ಆರು ಹಾಳೆ ನೋಡಿದೆ. ಎಲ್ಲ ಸರಿ. ಸರಿ ಇರದೆ ಏನು?

ಈಗಷ್ಟೇ ಗಜಾನನನ ಫೋನ್. ಜಾಂಬೋಟಿ ಬಾಜೂಕಿನ ಅವನ ಹಳ್ಳಿಯಲ್ಲಿ ರೇಂಜ್ ಸಿಗುವುದು ಒಂದು ಹುಣಸೆ ಮರದ ಕೆಳಗೆ ಮಾತ್ರ. ಮಳೆಯಲ್ಲಿ ಅಲ್ಲೇ ನಿಂತು ಮಾಡಿದ್ದಾನೆ.

"ಸರ್, ಕಾರ್ವಿ ಮೊಗ್ಗಿ ಬಿಟ್ಟಾವ್ರಿ. ಎಂಟ ದಿನದಾಗ ಅರಳತಾವ."

ಆಗಲಿ, ಸಂತೋಷ ಎಂದೆ.

"ನಮ್ಮ ಇಳಿಜಾರಿನವೂ ಬಿಟ್ಟಾವ್ರಿ. ಈ ಸಲ ಬರ್ರಿ ಸರ್. ಹೋದ ಸಲ ತಪ್ಪಿತು."

ಚಾತುರ್ಮಾಸ, ವ್ರತ ಇದೆ, ಊರ ಗಡಿ ದಾಟಿ ಪೀರನವಾಡಿಯ ಆಚೆ ಬರುವಂತಿಲ್ಲ ಎಂದೆ. ಅವನಿಗೆ ಗೊತ್ತು. "ಹೌದಲ್ರೀ, ಮರತಿದ್ದೆ" ಅಂದ. ಮರೆತಿರಲಿಲ್ಲ.

ಆಗಸ್ಟ್ 19

ಏಳನೇ ಹಾಳೆಯೂ ಆಗಲಿಲ್ಲ. ಕಾರ್ವಿಯೇ ತಲೆಯಲ್ಲಿ.

ಇದೊಂದು ವಿಚಿತ್ರ ಗಿಡ. ಆಳೆತ್ತರ, ಹೆಚ್ಚೆಂದರೆ ಒಂದೂವರೆ ಆಳು. ಗಿಣ್ಣು ಗಿಣ್ಣಿಗೆ ಎದುರು ಬದುರು ಎಲೆ. ಜೋಡಿಯಲ್ಲಿ ಒಂದು ದೊಡ್ಡದು, ಒಂದು ಸಣ್ಣದು. ಎಲೆ ಒರಟು, ಅಂಚಿಗೆ ಹಲ್ಲು. ಆರು ಮಳೆಗಾಲ ಸುಮ್ಮನೆ ಬೆಳೆಯುತ್ತದೆ. ಏಳನೆಯದಕ್ಕೆ ಗುಡ್ಡಕ್ಕೆ ಗುಡ್ಡವೇ ಒಟ್ಟಿಗೆ ನೇರಳೆ. ಹೂವು ತುತ್ತೂರಿಯ ಆಕಾರ, ಐದು ಎಸಳು, ಒಂದು ದಿನದ ಬಾಳು. ಬೀಜ ಕಟ್ಟಿ ಗಿಡ ನಿಂತಲ್ಲೇ ಸಾಯುತ್ತದೆ. ಮುಂದಿನ ಮುಂಗಾರು ತಾಗಿದಾಗ ಒಣಕಾಯಿ ಚಟಚಟ ಒಡೆದು ಬೀಜ ಹಾರುತ್ತವೆ. ಮೂವತ್ತೊಂದು ವರ್ಷ ಪಾಠ ಮಾಡಿದ್ದೇನೆ, ಬಾಯಿಪಾಠ.

ಗಜಾನನ ಅರಣ್ಯ ಇಲಾಖೆಯ ವಾಚರ್ ಆಗಿದ್ದ. ಈಗ ಅವನೂ ರಿಟೈರ್. ಖಾನಾಪುರ ತಾಲೂಕಿನಲ್ಲಿ ನಾನು ತುಳಿದ ಕಾಡೆಲ್ಲ ಅವನ ಬೆನ್ನ ಹಿಂದೆ ತುಳಿದದ್ದು. ಅವನು ಗಿಡ ತೋರಿಸುತ್ತಿದ್ದ, ನಾನು ಹೆಸರು ಹೇಳುತ್ತಿದ್ದೆ. ಜಗಳವಾದದ್ದು ಒಂದೇ ಸಲ, ಇದೇ ಕಾರ್ವಿಗೆ. ಅವನ ಊರಿನ ಹಿಂದಿನ ಇಳಿಜಾರಿನ ಕಾರ್ವಿ ಬೇರೆ ಎನ್ನುತ್ತಾನೆ. ಎಲೆ ಕೈಗೆ ನುಣುಪು. ಹೂವಿನ ತೆನೆ ಬೆರಳಿಗೆ ಅಂಟುವುದಿಲ್ಲ, ವಾಸನೆಯಿಲ್ಲ. ಮಾಮೂಲಿ ಕಾರ್ವಿಯ ತೆನೆ ಅಂಟಂಟು, ಘಾಟು. ಎಲೆ ನೋಡಿ ಹೇಳುವ ಮಾತಲ್ಲ, ಹೂವು ತಾಜಾ ಇದ್ದಾಗ ಕೈಯಲ್ಲಿ ಹಿಡಿದು ನೋಡಬೇಕು. ಒಣಗಿಸಿದರೆ ಈ ಹೂವು ಮುದ್ದೆಯಾಗಿ ಹೋಗುತ್ತದೆ, ಏನೂ ತಿಳಿಯುವುದಿಲ್ಲ.

ನನ್ನ ಪುಸ್ತಕದಲ್ಲಿ, ತಾಲೂಕಿನ ಗಿಡಗಳ ಪಟ್ಟಿಯಲ್ಲಿ, ಹೀಗಿದೆ: "ಕಾರ್ವಿ. ತಾಲೂಕಿನ ಎಲ್ಲೆಡೆ ಒಂದೇ ಬಗೆ. ಭೇದ ಕಂಡಿಲ್ಲ."

ಕಂಡಿಲ್ಲ ಎನ್ನುವುದು ಸುಳ್ಳಲ್ಲ. ನಾನು ಕಂಡಿಲ್ಲ.

ಆಗಸ್ಟ್ 24, ಭಾನುವಾರ

ವಾಟ್ಸಾಪ್‌ನಲ್ಲಿ ಫೋಟೋ. ಗಜಾನನನ ಮೊಮ್ಮಗಳು ತೆಗೆದದ್ದಂತೆ. ಹಸಿರಿನ ಮೇಲೆ ನೇರಳೆ ಕಲೆಗಳು, ಅರ್ಧ ಚಿತ್ರಕ್ಕೆ ಯಾರದೋ ಛತ್ರಿ. ಬೆರಳಿನಿಂದ ಹಿಗ್ಗಿಸಿ ನೋಡಿದೆ. ಹೂವಿನ ಬುಡದ ಸಣ್ಣ ಎಲೆಗಳು ಮಾಮೂಲಿ ಕಾರ್ವಿಯ ಹಾಗೆ ದುಂಡಗಿವೆಯೋ ಚೂಪಾಗಿವೆಯೋ ತಿಳಿಯಲಿಲ್ಲ. ಚೂಪು ಅನ್ನಿಸಿತು. ಕನ್ನಡಕ ಒರೆಸಿಕೊಂಡೆ. ಮತ್ತೆ ಚೂಪೇ ಅನ್ನಿಸಿತು. ಫೋನ್ ಬೋರಲು ಹಾಕಿಟ್ಟೆ.

ರತ್ನಮಾಲಾ ಹಿಂದೆ ನಿಂತಿದ್ದಳು. ಅವಳಿಗೆ ಹೆಜ್ಜೆ ಸಪ್ಪಳವೇ ಇಲ್ಲ.

"ಎಷ್ಟ ಛಂದ ಅದಾವ. ಹೋಗಿ ಬರ್ರಲಾ."

"ವ್ರತ ಐತಿ."

"ನಂದೂ ಐತಿ. ನಾ ಹಸರ ತಪ್ಪಲಪಲ್ಯ ಬಿಟ್ಟೀನಿ, ನೀವು ಪೀರನವಾಡಿ ಬಿಟ್ಟೀರಿ."

ನಗುತ್ತಲೇ ಅಂದಳು. ಆಮೇಲೆ ನಗು ಬಿಟ್ಟು, "ನನಗೊಂದು ತಿಳೀವಲ್ದು. ನಿಮಗ ಈ ಊರ ಗಡಿ ವ್ರತ ಮೊದಲ ಇರಲಿಲ್ಲಲ್ಲ? ಗಜಾನನ ಆ ವರ್ಷ ಫೋನ್ ಮಾಡಿದ್ದು ಮೊದಲೋ, ವ್ರತ ಹಿಡದದ್ದು ಮೊದಲೋ?"

ವ್ರತವೇ ಮೊದಲು ಎಂದೆ. ಸಿಟ್ಟೂ ಬಂತು. ಧರ್ಮದ ವಿಷಯದಲ್ಲಿ ತಪಾಸಣೆ ಮಾಡಲು ಇವಳ್ಯಾರು? ಮಧ್ಯಾಹ್ನ ಊಟ ಅರ್ಧಕ್ಕೆ ಬಿಟ್ಟೆ. ಅವಳು ಕರೆಯಲಿಲ್ಲ.

ಆಗಸ್ಟ್ 25. ಬೆಳಿಗ್ಗೆ 10

2018ರ ಡೈರಿ ತೆಗೆದೆ. ಟ್ರಂಕಿನ ತಳದಲ್ಲಿತ್ತು.

ಮೇ 31: ನಿವೃತ್ತಿ. ಸತ್ಕಾರ, ಶಾಲು. ಪುಸ್ತಕ ಬಿಡುಗಡೆ. "ಇನ್ನು ಇದರಲ್ಲಿ ಒಂದಕ್ಷರ ಸೇರಿಸುವಂತಿಲ್ಲ, ತೆಗೆಯುವಂತಿಲ್ಲ" ಎಂದು ಪ್ರಿನ್ಸಿಪಾಲರು ಹೊಗಳಿದ್ದನ್ನು ಪೂರ್ತಿ ಬರೆದುಕೊಂಡಿದ್ದೇನೆ. ಎರಡು ಸಲ ಅಡಿಗೆರೆ.

ಜುಲೈ 19: "ಗ. ಫೋನ್. ಪುಸ್ತಕದ ಕಾರ್ವಿ ತಪ್ಪು ಅನ್ನುತ್ತಾನೆ. ಆಗಸ್ಟಿನಲ್ಲಿ ಅರಳುತ್ತದೆ, ಬನ್ನಿ, ಎರಡನ್ನೂ ಬಾಜೂಬಾಜು ಇಟ್ಟು ತೋರಿಸುತ್ತೇನೆ ಅನ್ನುತ್ತಾನೆ. ವಾಚರ್ ಹೇಳಿದ ಮಾತ್ರಕ್ಕೆ ಗಿಡ ಬೇರೆ ಆಗುತ್ತದೆಯೆ?"

ಜುಲೈ 27: "ಚಾತುರ್ಮಾಸ ಆರಂಭ. ದೇಶವ್ರತ ಸ್ವೀಕರಿಸಿದೆ. ಉತ್ತರಕ್ಕೆ ಕಾಕತಿ, ದಕ್ಷಿಣಕ್ಕೆ ಪೀರನವಾಡಿ. ದೀಪಾವಳಿಯವರೆಗೆ ದಾಟುವುದಿಲ್ಲ. ಮನಸ್ಸಿಗೆ ಬಹಳ ಶಾಂತಿ."

ಎಂಟು ದಿನ. ಫೋನ್ ಮೊದಲು.

ನೌಕರಿಯಲ್ಲಿದ್ದ ಅಷ್ಟೂ ವರ್ಷ ಮಳೆಗಾಲದಲ್ಲೇ ಕಾಡು ತಿರುಗಿದವನು ನಾನು. ಜಿಗಣೆ ಕಿತ್ತು ಒಗೆಯದೆ ಸುಣ್ಣ ಹಚ್ಚಿ ಬಿಡಿಸುತ್ತಿದ್ದೆ, ಅಷ್ಟೇ ನನ್ನ ಅಹಿಂಸೆ. ಹಿಂಸೆ ಕಡಿಮೆಯಾಗಲಿ ಎಂದು ಹಿರಿಯರು ಹಾಕಿದ ಗೆರೆ ಈ ವ್ರತ, ಮಳೆಗಾಲದಲ್ಲಿ ಹುಳಹುಪ್ಪಟೆ ಕಾಲಿಗೆ ಸಿಗದಿರಲಿ ಎಂದು. ಅದರ ಹಿಂದೆ ನಾನು ಅಡಗಿ ಕೂತೆ. ಏಳು ವರ್ಷ. ಪ್ರತಿ ವರ್ಷ ಕೈಮುಗಿದು ಅದನ್ನೇ ಹೊಸದಾಗಿ ಹಿಡಿದೆ.

ಹೋಗಿದ್ದರೆ ಏನಾಗುತ್ತಿತ್ತು? ಅವನು ಸರಿ ಎಂದು ಗೊತ್ತಾಗುತ್ತಿತ್ತು. ಅಷ್ಟೇ ಭಯ.

ರತ್ನಮಾಲಾಗೆ ಡೈರಿ ತೋರಿಸಲಿಲ್ಲ.

ಆಗಸ್ಟ್ 29, ಶುಕ್ರವಾರ

ದಶಲಕ್ಷಣ ಪರ್ವ, ಎರಡನೇ ದಿನ. ಇವತ್ತು ಉತ್ತಮ ಮಾರ್ದವ, ಅಹಂಕಾರ ಬಿಡುವ ದಿನ. ಪ್ರವಚನಕ್ಕೆ ಮೊದಲ ಸಾಲಿನಲ್ಲಿ ಕುರ್ಚಿ ಕೊಟ್ಟರು, "ಪ್ರೊಫೆಸರ್ ಸಾಹೇಬ್ರು ಮುಂದ ಬರ್ರಿ" ಎಂದು. ಹೋಗಿ ಕೂತೆ. ಅಹಂಕಾರ ಬಿಡುವುದನ್ನು ಮೊದಲ ಸಾಲಿನಲ್ಲಿ ಕೂತು ಕೇಳಿದೆ. ನಡುವೆ ತೂಕಡಿಕೆ ಬಂತು.

ಸೆಪ್ಟೆಂಬರ್ 8, ಸೋಮವಾರ

ಕ್ಷಮಾವಾಣಿ. ಬೆಳಿಗ್ಗೆಯಿಂದ ಕೈಮುಗಿಯುವುದೇ ಕೆಲಸ. "ತಿಳಿದೋ ತಿಳಿಯದೆಯೋ ಮನಸ್ಸು ಮಾತು ಕಾಯದಿಂದ ನೋಯಿಸಿದ್ದರೆ ಕ್ಷಮೆ ಇರಲಿ." ಬೀಗರ ಮಗ ಒಂದು ಚಂದದ ಚಿತ್ರ ಕಳಿಸಿದ್ದ, ಕಮಲದ ಹೂವು, ಇದೇ ಮಾತು. ಅದನ್ನೇ ಎಲ್ಲರಿಗೂ ಫಾರ್ವರ್ಡ್ ಮಾಡಿದೆ. ನೂರಾ ಹನ್ನೆರಡು ಜನ. ಗಜಾನನನೂ ಅದರಲ್ಲಿ ಬಂದ. ಬೇಕೆಂದೇ ಅವನ ಹೆಸರಿಗೂ ಟಿಕ್ ಮಾಡಿದೆ. ಕೇಳಿದಂತಾಯಿತು ಎಂದುಕೊಂಡೆ.

ಹತ್ತು ನಿಮಿಷಕ್ಕೆ ಉತ್ತರ, ಮರದ ಕೆಳಗೇ ಇದ್ದನೋ ಏನೋ. ಮಾತಿಲ್ಲ, ಒಂದು ಫೋಟೋ. ಈ ಸಲ ಛತ್ರಿ ಇಲ್ಲ. ಒಂದು ರೆಂಬೆ, ಹತ್ತಿರದಿಂದ. ಅರ್ಧಕ್ಕರ್ಧ ಹೂವು ಉದುರಿವೆ.

ಮುಂದಿನ ಸಲಕ್ಕೆ 2032. ನನಗೆ ಎಪ್ಪತ್ನಾಲ್ಕು. ಇದ್ದರೆ.

ಸೆಪ್ಟೆಂಬರ್ 9

ಹೋಗುತ್ತೇನೆ ಎಂದು ರತ್ನಮಾಲಾಗೆ ಹೇಳಿದೆ. ವ್ರತಭಂಗಕ್ಕೆ ಪ್ರಾಯಶ್ಚಿತ್ತ ಏನು ಕೊಡುತ್ತಾರೋ ಕೇಳಿ ಮಾಡುತ್ತೇನೆ ಎಂದೆ. 2018ರ ಡೈರಿಯ ಎರಡು ಪುಟವನ್ನೂ ತೋರಿಸಿದೆ. ಓದಿದಳು. ಬೈಯುತ್ತಾಳೆ ಎಂದುಕೊಂಡಿದ್ದೆ.

"ಕುಂದಾಗ ಮೊಳಕಾಲ ನೋವು ಐತಿ, ಎಣ್ಣಿ ಕೊಡತೀನಿ ಒಯ್ರಿ" ಎಂದಳು.

ಕುಂದಾ ಗಜಾನನನ ಹೆಂಡತಿ. ಅವಳಿಗೆ ಮೊಳಕಾಲು ನೋವಿರುವುದು ನನಗೆ ಗೊತ್ತಿರಲಿಲ್ಲ.

ತನ್ಮಯಿಗೆ ಫೋನ್. ಗುರುವಾರ ಕಾರು ತರುತ್ತಾಳೆ, ಗಜಾನನನಿಗೂ ಅವಳೇ ಮೆಸೇಜ್ ಹಾಕುತ್ತಾಳೆ.

ಸೆಪ್ಟೆಂಬರ್ 12, ಶುಕ್ರವಾರ

ನಿನ್ನೆ ಬರೆಯಲು ಆಗಲಿಲ್ಲ. ಈಗ ಬರೆಯುತ್ತೇನೆ, ಆದಷ್ಟು.

ಏಳಕ್ಕೆ ಹೊರಟೆವು. ಪೀರನವಾಡಿ ಬಂದಾಗ ಕೈಮುಗಿದೆ. ತನ್ಮಯಿಗೆ ಗೊತ್ತಾಗಲಿಲ್ಲ, ಅವಳು ತಗ್ಗು ತಪ್ಪಿಸುವುದರಲ್ಲಿದ್ದಳು. ಜಾಂಬೋಟಿ ರಸ್ತೆಗೆ ತಿರುಗಿದ ಮೇಲೆ ಮಾಮೂಲಿ ಕಾರ್ವಿ ಎರಡೂ ಬದಿ. ಅಲ್ಲಲ್ಲಿ ಕಾರು ನಿಲ್ಲಿಸಿ ಹುಡುಗರು ಸೆಲ್ಫಿ ತೆಗೆಯುತ್ತಿದ್ದರು. ನೇರಳೆ ಮಾಸಿತ್ತು, ಆದರೂ ಗುಡ್ಡ ಗುಡ್ಡವೇ ಹಬ್ಬಿತ್ತು. ನನ್ನ ಕಣ್ಣು ತುಂಬಿತು. ಏಳು ವರ್ಷದ ಹಿಂದೆಯೂ ಹೀಗೇ ಅರಳಿತ್ತಲ್ಲ, ನಾನು ಮನೆಯಲ್ಲಿ ಕೂತು ಪುಸ್ತಕದ ಪ್ರತಿಗಳಿಗೆ ಸಹಿ ಹಾಕುತ್ತಿದ್ದೆ.

ದಾರಿಯಲ್ಲಿ ತನ್ಮಯಿ ಹೇಳಿದಳು. ಮೂರು ವರ್ಷದ ಹಿಂದೆ ಅವಳೇ ಗಜಾನನನ ಹತ್ತಿರ ಹೋಗಿದ್ದಳಂತೆ, ಆ ಇಳಿಜಾರಿನ ಗಿಡ ನೋಡಲು.

"ಗಿಡ ತೋರಿಸಿದ್ರ ಸಾಕು, ನಾ ಬರದು ಕಳಸ್ತೀನಿ ಅಂದೆ ಸರ್. ಒಪ್ಪಲಿಲ್ಲ. 'ಅದು ಸರ್ ಪುಸ್ತಕದಾಗಿನ ಮಾತು, ಸರೇ ಬಂದು ತಿದ್ದಬೇಕು. ನಡುವ ನೀವು ಬರದ್ರ ಅವರಿಗೆ ಕಡಿಮಿ ಆಗತೈತಿ' ಅಂದ್ರು."



ಗಜಾನನ ಹುಣಸೆ ಮರದ ಕೆಳಗೆ ನಿಂತಿದ್ದ. ಬಹಳ ಇಳಿದಿದ್ದಾನೆ. ಹಳೇ ಖಾಕಿ ಅಂಗಿ, ಮಳೆಗೆ ತಲೆಯ ಮೇಲಿಂದ ಹೊದ್ದ ಪ್ಲಾಸ್ಟಿಕ್ ಗೊಂಗಡಿ. ನನ್ನ ಕೈಯಿಂದ ಚೀಲ ಇಸಿದುಕೊಂಡ, ಮೊದಲಿನ ಹಾಗೇ. ಎಣ್ಣೆ ಕೊಟ್ಟೆ. "ಅಕ್ಕಾರು ಮರತಿಲ್ಲ ನೋಡ್ರಿ" ಎಂದು ಖುಷಿಪಟ್ಟ.

ಮನೆಯ ಹಿಂದಿನ ಕಾಲುದಾರಿ. ಹತ್ತು ನಿಮಿಷದ ನಡಿಗೆ. ದಾಟಿ ನೋಡುತ್ತೇನೆ... ಇಳಿಜಾರೇ ಇಲ್ಲ. ಕೆಂಪು ಮಣ್ಣು, ಮೆಟ್ಟಿಲು ಮೆಟ್ಟಿಲಾಗಿ ಕಡಿದದ್ದು. ಮೇಲೆ ಅರ್ಧ ಎದ್ದ ಆರು ಕೋಣೆ, ನೀಲಿ ತಗಡು. ಶನಿವಾರ ಭಾನುವಾರ ಗೋವಾ ಕಡೆಯಿಂದ ಬರುವವರಿಗಂತೆ. ಮಾಲ್ಕಿ ಜಮೀನು, ಒಡೆಯರು ಮಾರಿ ಎರಡು ವರ್ಷವಾಯಿತಂತೆ. ಜೆಸಿಬಿ ಬಂದದ್ದು ಹೋದ ಬೇಸಿಗೆಯಲ್ಲಿ. ಎಲ್ಲ ಆರು ವರ್ಷ ಬೆಳೆದು ನಿಂತ ಗಿಡ.

"ಎಷ್ಟು ಉಳದಾವು?"

"ಬೇಲಿ ಬಾಜೂಕ ನಾಕು. ಒಂದನ್ನ ದನ ತಿಂತು. ಮೂರ್ರಿ."

ಮೊದಲು ಎಷ್ಟಿದ್ದವು ಎಂದು ನಾನು ಕೇಳಲಿಲ್ಲ. ಅವನೇ ಕೈ ಎತ್ತಿ ಆ ತುದಿಯಿಂದ ಈ ತುದಿಯವರೆಗೆ ತೋರಿಸಿದ.

ಮೂರು ಗಿಡ. ಎದೆಯೆತ್ತರ. ಒಂದರಲ್ಲಿ ಮಾತ್ರ ಹೂವು. ಜೇಬಿನಿಂದ ಭೂತಗನ್ನಡಿ ತೆಗೆದೆ. ಎಲೆ ಸವರಿದೆ: ನುಣುಪು. ತೆನೆ ಹಿಡಿದೆ: ಬೆರಳಿಗೆ ಏನೂ ಅಂಟಲಿಲ್ಲ. ಮೂಸಿದೆ: ಮಳೆಯ ವಾಸನೆ, ಅಷ್ಟೇ. ಬುಡದ ಸಣ್ಣ ಎಲೆಗಳು ಚೂಪು, ಒಂದರ ಮೇಲೊಂದು ಬಿಗಿಯಾಗಿ ಕೂತಿಲ್ಲ. ಗಜಾನನ ರಸ್ತೆಯಿಂದ ತಂದಿಟ್ಟಿದ್ದ ಮಾಮೂಲಿ ಕಾರ್ವಿಯ ರೆಂಬೆಯನ್ನು ಸುಮ್ಮನೆ ಬಾಜೂಕೆ ಹಿಡಿದ. ಮೊದಲ ವರ್ಷದ ವಿದ್ಯಾರ್ಥಿ ಕೂಡ ಹೇಳುತ್ತಿದ್ದ. ಒಂದು ನಿಮಿಷದ ಕೆಲಸ. ಅದಕ್ಕೆ ಏಳು ವರ್ಷ.

"ನೀ ಹೇಳಿದ್ದು ಖರೇ ಐತಿ, ಗಜಾನನ."

"ನನಗ ಗೊತ್ತಿತ್ರೀ ಸರ್. ನೀವು ನೋಡ್ರಿ ಅಂತ ಕರದಿದ್ದೆ."

ಅಷ್ಟೇ ಅಂದ. ಚುಚ್ಚಿ ಹೇಳಲಿಲ್ಲ. ಚುಚ್ಚಿದ್ದರೆ ಚಲೋ ಇತ್ತು.

ವ್ರತದ ವಿಷಯ ಹೇಳಬೇಕಿತ್ತು. ದಾರಿಯುದ್ದಕ್ಕೂ ಮಾತು ಹೊಂದಿಸಿಕೊಂಡಿದ್ದೆ. ಶುರು ಮಾಡಿದೆ, "ನೋಡು, ಆ ವರ್ಷ ನಾ ವ್ರತ ಅಂದದ್ದು..." ಅವನು ತಡೆದ. "ಮೊನ್ನಿ ಮೊಬೈಲ್‌ನಾಗ ಕ್ಷಮಾ ಕೇಳಿದ್ರಲ್ರೀ. ಮುಗೀತು ಬಿಡ್ರಿ."

ಆ ಕಮಲದ ಚಿತ್ರವನ್ನು ಅವನು ಖರೇ ಎಂದುಕೊಂಡಿದ್ದ. ನೂರಾ ಹನ್ನೆರಡು ಜನಕ್ಕೆ ಹೋದದ್ದೆಂದು ಹೇಳಲೇ? ಹೇಳಲಿಲ್ಲ.

ಸ್ಯಾಂಪಲ್ ಬೇಕು ಎಂದು ತನ್ಮಯಿ ಕತ್ತರಿ ತೆಗೆದಳು. ನಾನು ಕೈ ಚಾಚಿದೆ. ಗಜಾನನ ನನ್ನನ್ನು ಹಿಂದಕ್ಕೆ ಸರಿಸಿದ.

"ನೀವು ಮುಟ್ಟಬ್ಯಾಡ್ರಿ ಸರ್, ಚಾತುರ್ಮಾಸ ಐತಿ. ಮೊದಲ ಇಷ್ಟು ದೂರ ಬಂದೀರಿ. ಆ ಪಾಪ ನನಗಿರಲಿ."

ಅವನೇ ಕತ್ತರಿಸಿದ. ಒಂದೇ ರೆಂಬೆ, ಹೂವಿದ್ದದ್ದು. ಉಳಿದ ತೆನೆಗಳಿಗೆ ಬೀಜ ಕಟ್ಟಲಿ ಎಂದು ಬಿಟ್ಟ. ಬೀಜ ಉದುರಿದರೂ ಆ ಮಣ್ಣಿನಲ್ಲಿ ಎಲ್ಲಿ ಏಳಬೇಕು, ಬೇಲಿಗೆ ಬೇರೆ ಸಿಮೆಂಟ್ ಬರುತ್ತದಂತೆ. ಕಾಯಿ ಒಣಗಿದ ಮೇಲೆ ತೆಗೆದಿಡುತ್ತೇನೆ, ಹಿತ್ತಲಲ್ಲಿ ಹಾಕಿ ನೋಡುತ್ತೇನೆ ಎಂದಿದ್ದಾನೆ.

ದಾಖಲೆ ಇದ್ದಿದ್ದರೆ ಜೆಸಿಬಿ ನಿಲ್ಲುತ್ತಿತ್ತೆಂದು ಖಾತ್ರಿಯಿಲ್ಲ. ಖಾಸಗಿ ಜಮೀನು, ಯಾರು ಕೇಳುತ್ತಾರೆ? ತನ್ಮಯಿಯೂ ನನ್ನ ಸಮಾಧಾನಕ್ಕೆ ಅದನ್ನೇ ಹೇಳಿದಳು. ಆದರೆ 2018ರಲ್ಲಿ ಒಂದು ಸಾಲು ಬರೆದಿದ್ದರೆ, ಇಲ್ಲಿ ಬೇರೆ ಏನೋ ಇದೆ ಎಂದು, ಯಾರಾದರೊಬ್ಬರು ಬಂದು ನೋಡುತ್ತಿದ್ದರು. ನಾನು "ಭೇದ ಕಂಡಿಲ್ಲ" ಎಂದು ಬರೆದೆ. ಅದನ್ನು ಓದಿದವರು ಯಾರೂ ಬರಲಿಲ್ಲ. ನಾನು ಆ ಇಳಿಜಾರನ್ನು ಕಡಿಯಲಿಲ್ಲ, ಖರೇ. ಅಲ್ಲಿ ಏನೂ ಇಲ್ಲ ಎಂದು ಪ್ರಿಂಟ್ ಮಾಡಿದವನು ನಾನೇ.

ಕುಂದಾ ಅವಲಕ್ಕಿ ಕೊಟ್ಟಳು. ಉಳ್ಳಾಗಡ್ಡಿ ಹಾಕಿರಲಿಲ್ಲ, ನನಗೋಸ್ಕರ. ಬರುವಾಗ ಗಜಾನನ ಕಾರಿನತನಕ ಬಂದು ಬಾಗಿಲು ಹಾಕಿದ.

ಸೆಪ್ಟೆಂಬರ್ 13

ಬಿಪಿ 160/100. ಇವತ್ತು ಖರೇ ಹೇಳಿದೆ.

ಸೆಪ್ಟೆಂಬರ್ 15, ಸೋಮವಾರ. ಬೆಳಿಗ್ಗೆ 9

ರೆಂಬೆ ಒಣಗಿದೆ. ಹೂವು ನಿರೀಕ್ಷಿಸಿದಂತೆ ಮುದ್ದೆ, ಬಣ್ಣ ಹೋಗಿ ಕಂದು. ತಾಜಾ ಇದ್ದಾಗಿನ ಫೋಟೋ ತನ್ಮಯಿ ತೆಗೆದಿದ್ದಾಳೆ. ಇದು ಯಾವ ಜಾತಿ ಎಂದು ನಾನು ಹೇಳುವುದಿಲ್ಲ, ತಿಳಿದವರಿಗೆ ಕಳಿಸುತ್ತಾಳೆ. ಪುಸ್ತಕದ ತಿದ್ದುಪಡಿ ಬರೆದಾಯಿತು, ನಾಲ್ಕು ಸಾಲು. ನನ್ನ ಹೆಸರಿನಲ್ಲೇ ಅಚ್ಚಾಗಬೇಕು ಎಂದಿದ್ದೇನೆ.

ಹಾಳೆಗೆ ಚೀಟಿ ಬರೆಯಲು ಕೂತೆ. ಹರ್ಬೇರಿಯಂನಲ್ಲಿ ಚೀಟಿಯೇ ಪ್ರಾಣ, ಗಿಡಕ್ಕಿಂತ ಹೆಚ್ಚು. ಎಲ್ಲಿ, ಯಾವಾಗ, ಯಾರು. ತನ್ಮಯಿಯ ಆ ನಲವತ್ತರಲ್ಲಿ ನಾನು ಹಚ್ಚಿದ ಹಾಳೆಗಳಲ್ಲೆಲ್ಲ "ಸಂಗ್ರಹ: ಪ್ರೊ. ಅಜಿತಕುಮಾರ ಭ. ಪಾಟೀಲ" ಎಂದಿದೆ. ಎಷ್ಟನ್ನು ಗಜಾನನ ಮರ ಹತ್ತಿ ಕಿತ್ತುಕೊಟ್ಟಿದ್ದನೋ. ಈ ಚೀಟಿಯ ಮೇಲೆ ಅವನ ಹೆಸರು ಬರಬೇಕು. ಪೂರ್ತಿ ಹೆಸರು, ಅಪ್ಪನ ಹೆಸರು, ಅಡ್ಡಹೆಸರು. ರೂಢಿಯೇ ಹಾಗೆ.

ಬರೆಯಲು ಹೋದೆ. ಪೆನ್ ನಿಂತಿತು.

ಹಳೇ ಡೈರಿಗಳನ್ನು ತೆಗೆದೆ, ಸಿಕ್ಕಷ್ಟು. "ಗಜಾನನ." "ಗ." "ವಾಚರ್." ಒಂದು ಕಡೆ "ನಮ್ಮ ವಾಚರ್". ಪುಸ್ತಕದ ಕೃತಜ್ಞತೆಯ ಪುಟ ನೋಡಿದೆ. ಕುಲಪತಿಗಳು, ಪ್ರಿನ್ಸಿಪಾಲರು, ಟೈಪ್ ಮಾಡಿದವರು, ಎಲ್ಲರಿಗೂ ಇನಿಷಿಯಲ್ ಸಹಿತ. ಕೊನೆಗೆ "ಮತ್ತು ಕಾಡಿನಲ್ಲಿ ದಾರಿ ತೋರಿದ ಸ್ಥಳೀಯರಿಗೆ".

ರತ್ನಮಾಲಾಳನ್ನು ಕೇಳಿದೆ. ಅವಳಿಗೆ ಕುಂದಾಳ ತವರೂರು ಗೊತ್ತು, ಮೊಮ್ಮಗಳ ವಯಸ್ಸು ಗೊತ್ತು. ಅಡ್ಡಹೆಸರು ಗೊತ್ತಿಲ್ಲ.

"ಮೂವತ್ತ ವರ್ಷ ಜೋಡಿ ಅಡ್ಡಾಡಿದವ್ರು ನೀವು. ನನ್ನ ಕೇಳತೀರಲ್ಲ?"

ತನ್ಮಯಿಗೆ ಹೇಳಿ ಖಾನಾಪುರದ ಅರಣ್ಯ ಕಚೇರಿಯಿಂದ ತರಿಸಬಹುದು. ಅವನಿಗೆ ತಿಳಿಯುವುದೂ ಇಲ್ಲ... ಮತ್ತೆ ಅದೇ ಬುದ್ಧಿ.

ಅವನನ್ನೇ ಕೇಳಬೇಕು. ಫಾರ್ವರ್ಡ್‌ನಲ್ಲಿ ಕೇಳಲಾಗದ ಮಾತು.

11.30

ಮೂರು ಸಲ ಫೋನ್ ಹಚ್ಚಿದೆ. ರೇಂಜ್ ಇಲ್ಲ. ಅವನು ಮರದ ಕೆಳಗೆ ಬಂದಾಗ ಮಾತ್ರ. ಅಷ್ಟರಲ್ಲಿ ಗೊತ್ತಿರುವುದನ್ನು ಕರಡು ಬರೆದಿಡುತ್ತೇನೆ.

ಗಿಡ: ಕಾರ್ವಿ ಕುಲದ್ದು, ಜಾತಿ ನಿರ್ಧಾರವಾಗಿಲ್ಲ. ಪೊದೆ, ನಾಲ್ಕು ಅಡಿ. ಎಲೆ ನುಣುಪು. ತೆನೆ ಅಂಟುವುದಿಲ್ಲ.
ಹೂವು: ನೇರಳೆ.
ಸ್ಥಳ: ಖಾನಾಪುರ ತಾಲೂಕು, ಜಾಂಬೋಟಿ ಸಮೀಪ. ಬೇಲಿಯ ಅಂಚು. ಮೂರು ಗಿಡ ಉಳಿದಿವೆ.
ದಿನಾಂಕ: 11-9-2025
ಭೇದ ಮೊದಲು ಗುರುತಿಸಿದವರು, ಸಂಗ್ರಹಿಸಿದವರು: ಶ್ರೀ ಗಜಾನನ